ಬಾಗಿಲು ಮೊದಲು, ಕಂಪ್ಯೂಟರು ಆಮೇಲೆ

ಮೊನ್ನೆ ಗ್ಯಾಸ್ ಸಿಲಿಂಡರ್ ಇಳಿಸಲು ಬಂದವನು ನಮ್ಮ ನಡುಮನೆಯ ಮೂಲೆಯನ್ನೇ ನೋಡುತ್ತಾ ನಿಂತುಬಿಟ್ಟ. ಅಲ್ಲಿ ಮೊಣಕಾಲೆತ್ತರದ ಒಂದು ಗಾಜಿನ ಪೆಟ್ಟಿಗೆ ಇದೆ. ಅದರೊಳಗೆ ಐದು ಪುಟ್ಟ ಫ್ಯಾನುಗಳು ಒಮ್ಮೆ ನೀಲಿ, ಒಮ್ಮೆ ಕೆಂಪು, ಒಮ್ಮೆ ಹಸಿರು ಬೆಳಕು ಬೀರುತ್ತಾ ತಿರುಗುತ್ತಿರುತ್ತವೆ.

"ಮೀನೆಲ್ಲಾ ಸತ್ತೋದ್ವಾ ಸಾ?" ಎಂದು ಕೇಳಿದ. ದನಿಯಲ್ಲಿ ನಿಜವಾದ ಮರುಕವಿತ್ತು.

ಅದು ಮೀನಿನ ತೊಟ್ಟಿಯಲ್ಲ, ನನ್ನ ಮಗಳು ಆಟ ಆಡುವ ಕಂಪ್ಯೂಟರು ಎಂದು ವಿವರಿಸಿದೆ. ಅವನು ನಂಬಲಿಲ್ಲ. "ನಮ್ಮತ್ತೆ ಮನೇಲೂ ಇಂಗೇ ಆಯ್ತು ಬುಡಿ ಸಾ. ನೀರು ಬದಲಾಯ್ಸೋದು ಎಲ್ರಿಗೂ ಬರಾಕಿಲ್ಲ" ಎಂದು ಸಮಾಧಾನ ಹೇಳಿ, ಖಾಲಿ ಸಿಲಿಂಡರ್ ಹೆಗಲಿಗೇರಿಸಿಕೊಂಡು ಹೋದ. ನಾನು ಬಾಗಿಲು ಹಾಕಿಕೊಂಡು ಆ ಪೆಟ್ಟಿಗೆಯ ಎದುರು ಕುಳಿತೆ. ಕುಳಿತರೆ ನಗು ಬರುತ್ತದೆ, ಜೊತೆಗೆ ಸ್ವಲ್ಪ ನಾಚಿಕೆಯೂ ಆಗುತ್ತದೆ. ಯಾಕೆ ಅಂತ ಹೇಳುತ್ತೇನೆ, ಹೊರಗೆ ಎಲ್ಲೂ ಹೇಳಬೇಡಿ.

ನಾನು ಹೊಳೆನರಸೀಪುರದಲ್ಲಿ ಹೈಸ್ಕೂಲು ಮೇಷ್ಟ್ರು. ಹೇಳಿಕೊಡುವುದು ಗಣಿತ. ಇಪ್ಪತ್ತೆಂಟು ವರ್ಷದಿಂದ ಬೋರ್ಡಿನ ಮೇಲೆ ಒಬ್ಬ ವ್ಯಾಪಾರಿಯನ್ನು ನಿಲ್ಲಿಸಿ, ಅವನಿಗೆ ಶೇಕಡಾ ಇಂತಿಷ್ಟು ನಷ್ಟವಾಯಿತು, ಹಾಗಾದರೆ ಅವನು ಎಲ್ಲಿ ತಪ್ಪಿದ ಎಂದು ಮಕ್ಕಳನ್ನು ಕೇಳುತ್ತಾ ಬಂದಿದ್ದೇನೆ. ಆ ವ್ಯಾಪಾರಿಯ ಬಗ್ಗೆ ನನಗೆ ಯಾವತ್ತೂ ಕನಿಕರ ಇರಲಿಲ್ಲ. ಈಗ ಇದೆ.

ಮಗಳ ಹೆಸರು ಸ್ಪಂದನ. ಹಾಸನದ ಕಾಲೇಜಿನಲ್ಲಿ ಡಿಗ್ರಿಯ ಕೊನೆಯ ವರ್ಷ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಬಂದ ಮೇಲೆ ಸೀರೆಗಳಿಗೆ ಕುಚ್ಚು ಕಟ್ಟುತ್ತಾಳೆ. ನಮ್ಮ ಬೀದಿಯ ಹೆಂಗಸರ ಪ್ರಕಾರ ಅವಳ ಕುಚ್ಚಿನ ಗಂಟು ಸೀರೆ ಹರಿದರೂ ಬಿಚ್ಚುವುದಿಲ್ಲ. ಮದುವೆ ಕಾಲ ಬಂತೆಂದರೆ ನಮ್ಮ ಮನೆಯ ಸೋಫಾದ ಮೇಲೆ ಮನುಷ್ಯರು ಕೂರಲು ಜಾಗವಿರುವುದಿಲ್ಲ, ಬರೀ ರೇಷ್ಮೆ ಸೀರೆಗಳು ಕೂತಿರುತ್ತವೆ. ಎರಡು ವರ್ಷ ಹೀಗೆ ದಾರ ಸುತ್ತಿ ಸುತ್ತಿ ಅವಳು ದುಡ್ಡು ಕೂಡಿಟ್ಟಿದ್ದು ಒಂದೇ ಒಂದು ಆಸೆಗೆ: ಆಟ ಆಡುವ ಕಂಪ್ಯೂಟರು. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವಂಥದ್ದಲ್ಲ. ಒಂದೊಂದು ಭಾಗವನ್ನೂ ಬೇರೆ ಬೇರೆ ಆರಿಸಿ ತಂದು, ತಾನೇ ಕೂತು ಸ್ಕ್ರೂ ಹಾಕಿ ಜೋಡಿಸಿಕೊಳ್ಳುವಂಥದ್ದು.

ಅವಳೂ ಅವಳ ಮೂವರು ಗೆಳತಿಯರೂ ಸೇರಿ ಒಂದು ತಂಡ ಕಟ್ಟಿದ್ದರು. ಆಟದಲ್ಲಿ ಇವಳೇ ಮುಂದಾಳು. ಆದರೆ ಇವಳ ಹಳೆಯ ಲ್ಯಾಪ್‌ಟಾಪು ಸರಿಯಾಗಿ ಶತ್ರು ಎದುರಾದ ಹೊತ್ತಿಗೆ ಬಿಸಿಯಾಗಿ ನಿಂತುಬಿಡುತ್ತಿತ್ತು. "ನನ್ನಿಂದಾನೇ ಸೋತ್ವಿ ಕಣ್ರೇ" ಎಂದು ಅವಳು ಫೋನಿನಲ್ಲಿ ಗೆಳತಿಯರಿಗೆ ಹೇಳುವಾಗ ನನಗೆ ಕರುಳು ಚುರುಕ್ ಅನ್ನುತ್ತಿತ್ತು. ಆಟ ಅಂದರೆ ಆಟವೇ ಇರಬಹುದು. ಆದರೆ ಸೋತವರ ಮುಖ ಮನೆಯಲ್ಲಿದ್ದರೆ ಅನ್ನ ಸೇರುವುದಿಲ್ಲ ನೋಡಿ.

ಹಾಸನದ ಅಂಗಡಿಯೊಂದರಲ್ಲಿ ರಿಯಾಯಿತಿ ಹಾಕಿದ್ದರು. ಅದು ಮುಗಿಯುವ ಶನಿವಾರವೇ ಇವಳಿಗೆ ಪರೀಕ್ಷೆ. "ನಾನು ಹೋಗಿ ತರ್ತೀನಿ ಬಿಡು, ಪಟ್ಟಿ ಬರ್ಕೊಡು" ಎಂದೆ. ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ನಾನು ಹಿಂದೆ ಒಮ್ಮೆ ಅವಳಿಗೆ ಸೈಕಲ್ಲು ತರಲು ಹೋಗಿ, ಬೆಳೆಯುವ ಮಗು ಅಂತ ಎರಡು ಸೈಜು ದೊಡ್ಡದು ತಂದಿದ್ದೆ. ಅವಳ ಕಾಲು ಪೆಡಲ್ಲಿಗೆ ಮುಟ್ಟುವಷ್ಟರಲ್ಲಿ ಅದು ತುಕ್ಕು ಹಿಡಿದಿತ್ತು. ಅದೆಲ್ಲ ಅವಳ ಕಣ್ಣ ಮುಂದೆ ಹಾದುಹೋಗಿರಬೇಕು. ಆದರೂ ಕ್ಯಾಲೆಂಡರಿನ ಹಿಂಬದಿಯಲ್ಲಿ ಪಟ್ಟಿ ಬರೆದುಕೊಟ್ಟಳು. ಎಲ್ಲಕ್ಕಿಂತ ಮೇಲೆ ಗ್ರಾಫಿಕ್ಸ್ ಕಾರ್ಡು, ಅದರ ಕೆಳಗೆ ಎರಡು ಗೆರೆ. ಎಲ್ಲಕ್ಕಿಂತ ಕೆಳಗೆ ಕ್ಯಾಬಿನೆಟ್ಟು, ಅದರ ಮುಂದೆ "ಯಾವುದಾದ್ರೂ ಸರಿ, ಅಗ್ಗದ್ದು."

"ಅಪ್ಪ, ಆಟದ ಚಿತ್ರಾನ ಓಡ್ಸೋದು ಈ ಕಾರ್ಡೇ. ಅರ್ಧ ದುಡ್ಡು ಇದಕ್ಕೇ ಹೋಗುತ್ತೆ. ಹೋಗ್ಲಿ. ಇದನ್ನ ಮೊದ್ಲು ತಗೊ. ಆಮೇಲೆ ಪ್ರೊಸೆಸರು, ಆಮೇಲೆ ಬೋರ್ಡು, ಹಂಗೇ ಕೆಳಗೆ ಇಳ್ಕೊಂಡು ಹೋಗು. ಕ್ಯಾಬಿನೆಟ್ ಬರೀ ಡಬ್ಬ. ಅರ್ಥ ಆಯ್ತಾ?"

"ಶೇಕಡಾ ಲೆಕ್ಕ ನನಗೇ ಹೇಳ್ಕೊಡ್ತೀಯ?" ಎಂದೆ. ನೆನೆಸಿಕೊಂಡರೆ ಮೈ ಉರಿಯುವ ಮಾತುಗಳಲ್ಲಿ ಇದೂ ಒಂದು.

ಇಷ್ಟಕ್ಕೇ ಬಿಟ್ಟಿದ್ದರೆ ಎಲ್ಲ ಸುಸೂತ್ರವಾಗಿ ಆಗುತ್ತಿತ್ತೇನೋ. ಆದರೆ ನಮ್ಮ ಕಡೆ ಒಬ್ಬನೇ ಹೋಗಿ ಏನನ್ನೂ ಕೊಳ್ಳುವ ಪದ್ಧತಿ ಇಲ್ಲ. ಕುಕ್ಕರ್ ತರುವುದಕ್ಕೂ ಜೊತೆಗೊಬ್ಬರು ತಿಳಿದವರು ಬೇಕು. ತಿಳಿದವರು ಅಂದರೆ ಕುಕ್ಕರಿನ ಬಗ್ಗೆ ತಿಳಿದವರು ಅಂತಲ್ಲ, ಒಟ್ಟಾರೆ ತಿಳಿದವರು. ನಮ್ಮ ಮನೆತನಕ್ಕೆ ಒಟ್ಟಾರೆ ತಿಳಿದವರೆಂದರೆ ಅರಕಲಗೂಡಿನ ನಮ್ಮ ಚಿಕ್ಕಪ್ಪ. ಶುಂಠಿ ಬೆಳೆಯುತ್ತಾರೆ, ವಯಸ್ಸು ಎಪ್ಪತ್ತು ದಾಟಿದೆ, ಧ್ವನಿಗೆ ಮಾತ್ರ ಇಪ್ಪತ್ತೈದು. ನಮ್ಮ ಕುಟುಂಬದಲ್ಲಿ ಎತ್ತು, ಪಂಪ್‌ಸೆಟ್ಟು, ಸೊಸೆಯಂದಿರು, ಅಳಿಯಂದಿರು, ಯಾವುದೂ ಅವರ ಕಣ್ಣು ತಪ್ಪಿಸಿ ಒಳಗೆ ಬಂದಿಲ್ಲ. ನನ್ನ ಹೆಂಡತಿ ಸುಜಾತಳನ್ನೂ ಅವರೇ ಮೊದಲು ನೋಡಿ ಬಂದು "ಗಟ್ಟಿ ಅವಳೆ ಕಣ್ಲಾ" ಎಂದು ಒಪ್ಪಿಗೆ ಕೊಟ್ಟಿದ್ದು. ಆ ಮಾತು ಎಷ್ಟು ನಿಜ ಅಂತ ನನಗೆ ಆಮೇಲೆ ಗೊತ್ತಾಯಿತು, ಬಿಡಿ.

ಚಿಕ್ಕಪ್ಪನ ಇನ್ನೊಂದು ಕೆಲಸವನ್ನು ಇಲ್ಲೇ ಹೇಳಿಬಿಡಬೇಕು. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ನಮ್ಮಪ್ಪ ಊರಲ್ಲಿ ಹೊಸ ಮನೆ ಕಟ್ಟಿಸಲು ಹೊರಟರು. ಉಸ್ತುವಾರಿ ಚಿಕ್ಕಪ್ಪನದು. ಮನೆ ಅಂದರೆ ಬಾಗಿಲು, ಬಾಗಿಲು ನೋಡೇ ಜನ ಮನೆ ಅಳೆಯುವುದು ಎಂಬುದು ಅವರ ಸಿದ್ಧಾಂತ. ಒಳ್ಳೆ ತೇಗದ ಮರ ಹುಡುಕಿ, ಕೆತ್ತನೆಯವನನ್ನು ಕರೆಸಿ, ಎರಡು ಕಡೆ ಬಳ್ಳಿ, ಮೇಲೆ ಗಣಪತಿ, ಕೆಳಗೆ ಆನೆ ಮಾಡಿಸಿದರು. ಒಳ್ಳೆಯ ದಿನ ನೋಡಿ ತಳಪಾಯದ ಮೇಲೆ ಬಾಗಿಲು ನಿಲ್ಲಿಸಿ, ಅರಿಶಿನ ಕುಂಕುಮ ಹಚ್ಚಿ, ಊರಿಗೆಲ್ಲ ಸಿಹಿ ಹಂಚಿದ್ದಾಯಿತು. ಅಲ್ಲಿಗೆ ದುಡ್ಡು ಮುಗಿಯಿತು.

ನಾಲ್ಕು ವರ್ಷ ಆ ಬಾಗಿಲು ಬಯಲಲ್ಲಿ ಒಂಟಿಯಾಗಿ ನಿಂತಿತ್ತು. ಹಿಂದೆ ಗೋಡೆ ಇಲ್ಲ, ಮೇಲೆ ಸೂರಿಲ್ಲ. ಆದರೂ ನಾವು ಮಕ್ಕಳು ಪಕ್ಕದಿಂದ ತಳಪಾಯದ ಮೇಲೆ ಹತ್ತಿದರೆ ನಮ್ಮಜ್ಜಿ ದೂರದಿಂದಲೇ ಕೂಗುತ್ತಿದ್ದರು: "ಕಳ್ಳ ನನ್ ಮಕ್ಳಾ, ಬಾಗ್ಲಿಲ್ವೇನ್ರಲಾ, ಬಾಗ್ಲಲ್ಲಿ ಬರ್ರಲಾ!" ನಾವು ವಾಪಸು ಸುತ್ತಿಕೊಂಡು ಬಂದು, ಚಿಲಕ ತೆಗೆದು, ಬಲಗಾಲಿಟ್ಟು ಒಳಗೆ ಹೋಗುತ್ತಿದ್ದೆವು. ಒಳಗೆ ಅಂದರೆ ಅದೇ ಬಯಲು, ಅದೇ ಬಿಸಿಲು. ಒಂದು ಮಧ್ಯಾಹ್ನ ನೆಂಟರೊಬ್ಬರು ಬಂದಾಗ ಚಿಕ್ಕಪ್ಪ ಅವರನ್ನೂ ಬಾಗಿಲಿನ ಮೂಲಕವೇ ಕರೆತಂದು, ಕಲ್ಲಿನ ಮೇಲೆ ಕೂರಿಸಿ, ಮಜ್ಜಿಗೆ ಕೊಟ್ಟು, ಹೋಗುವಾಗ ಬಾಗಿಲು ಹಾಕಿಕೊಂಡಿದ್ದು ನನಗೆ ಚೆನ್ನಾಗಿ ನೆನಪಿದೆ. ಇದೆಲ್ಲ ನನಗೆ ಆಗ ವಿಚಿತ್ರ ಅನಿಸಿರಲಿಲ್ಲ. ಹಾಸನಕ್ಕೆ ಹೊರಟ ದಿನವೂ ಅನಿಸಲಿಲ್ಲ.

ಹಾಸನದ ಅಂಗಡಿಗೆ ನಾವಿಬ್ಬರೂ ಹೋದಾಗ ಗಲ್ಲಾದ ಹಿಂದೆ ನಲವತ್ತರ ಆಸುಪಾಸಿನ ಒಬ್ಬ ಹೆಂಗಸು ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಯಾವುದೋ ಯಂತ್ರದ ಹೊಟ್ಟೆ ಬಿಚ್ಚಿಕೊಂಡು ಕುಳಿತಿದ್ದರು.

"ಯಜಮಾನ್ರು ಇಲ್ವೇನವ್ವ?" ಎಂದರು ಚಿಕ್ಕಪ್ಪ.

"ನಾನೇ ಯಜಮಾನಿ. ಏನ್ ಬೇಕು ಹೇಳಿ ಯಜಮಾನ್ರೇ" ಎಂದರು ಆಕೆ, ತಲೆ ಎತ್ತದೆ.

ನಾನು ಪಟ್ಟಿ ಕೊಟ್ಟೆ. ಆಕೆ ಅದನ್ನು ಓದಿ, "ಯಾರು ಬರ್ದಿದ್ದು ಸಾರ್? ಚೆನ್ನಾಗಿ ಬರ್ದಿದಾರೆ. ಹೀಗೇ ಮೇಲಿಂದ ಕೆಳಕ್ಕೆ ಹೋಗೋಣ" ಎಂದು ಕಾರ್ಡು ಇಟ್ಟ ಕಪಾಟಿನ ಕಡೆ ತಿರುಗಿದರು. ಅಷ್ಟರಲ್ಲಿ ಚಿಕ್ಕಪ್ಪ ಅಂಗಡಿಯ ಮಧ್ಯದಲ್ಲಿ ಬೆಳಗುತ್ತಾ ನಿಂತಿದ್ದ ಒಂದು ಗಾಜಿನ ಕ್ಯಾಬಿನೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತಾಗಿತ್ತು. ಬೆರಳು ಮಡಚಿ ಅದರ ಬೆನ್ನಿಗೆ ಎರಡು ಸಲ ಬಡಿದರು. ನಮ್ಮವರು ತೆಂಗಿನಕಾಯಿ, ಹಲಸು, ಮಡಕೆ, ಎಲ್ಲವನ್ನೂ ಬಡಿದೇ ತಿಳಿಯುವುದು.

"ಗಟ್ಟಿ ಅದೆ ಕಣ್ಲಾ ಮಗ. ಇದ್ನೇ ಮೊದ್ಲು ತಗೊ."

"ಅದು ಕೊನೆಗಂತೆ ಚಿಕ್ಕಪ್ಪ. ಬರೀ ಡಬ್ಬವಂತೆ."

"ಏನ್ ಮೇಷ್ಟ್ರಾಗಿ ಏನ್ ಬಂತ್ಲಾ ನಿಂಗೆ! ಮನ್ಗೆ ಬಂದೋರು ನೋಡಾದು ಏನ? ಒಳಗಿರಾ ತಗಡ ನೋಡ್ತಾರಾ? ಮನೆ ಕಟ್ಟುವಾಗ ಮೊದ್ಲು ಏನ್ ನಿಲ್ಸಾದು, ಏಳು?"

"ಬಾಗ್ಲು" ಎಂದೆ. ಐವತ್ಮೂರು ವರ್ಷದವನು, ಮೂರನೇ ಕ್ಲಾಸಿನ ಹುಡುಗನ ಹಾಗೆ.

"ಸಾರ್, ಕಾರ್ಡು ಮೊದ್ಲು ಆರ್ಸಿದ್ರೆ ಒಳ್ಳೇದು" ಎಂದರು ಆಕೆ. ಇನ್ನೊಮ್ಮೆಯೂ ಹೇಳಿದರು. ಆಕೆಯ ಮೇಲೆ ಎಳ್ಳಷ್ಟೂ ತಪ್ಪಿಲ್ಲ. ನಮ್ಮಿಬ್ಬರ ಕಿವಿಯಲ್ಲಿ ಆಗ ಬಾಗಿಲು ನಿಲ್ಲಿಸುವ ದಿನದ ವಾಲಗ ಊದುತ್ತಿತ್ತು. ಚಿಕ್ಕಪ್ಪ ಗಾಜಿನ ಕ್ಯಾಬಿನೆಟ್ಟು ತೆಗೆಸಿದರು. ಮೂರು ಫ್ಯಾನ್ ಜೊತೆಗೇ ಬರುತ್ತವೆ ಎಂದಾಗ, ಮೂರು ಬೇಡ, ಐದಿರಲಿ ಎಂದು ಎರಡು ಸೇರಿಸಿದರು. ಆಮೇಲೆ ಪ್ರೊಸೆಸರು, ಬೋರ್ಡು, ಉಳಿದ ಸಾಮಾನು, ಎಲ್ಲ ಪಟ್ಟಿಯಲ್ಲಿ ಇದ್ದಂತೆಯೇ ಬಂದವು. ಕೊನೆಗೆ ಕಾರ್ಡಿನ ಸರದಿ ಬಂದಾಗ ನನ್ನ ಕೈಯಲ್ಲಿ ಉಳಿದಿದ್ದ ದುಡ್ಡು ನೋಡಿ ಆಕೆ, "ಇಷ್ಟಕ್ಕೆ ಆಟ ಆಡೋ ಕಾರ್ಡು ಬರಲ್ಲ ಸಾರ್" ಎಂದರು. ಬಹಳ ಮೆತ್ತಗೆ ಹೇಳಿದರು. ಡಾಕ್ಟರು ಹೇಳುತ್ತಾರಲ್ಲ, ಆ ದನಿಯಲ್ಲಿ.

ಆಗಲೇ ಅಲ್ಲಿಯೇ ಕ್ಯಾಬಿನೆಟ್ಟು ಬೇಡ ಎನ್ನಬಹುದಿತ್ತು. ಎನ್ನಲಿಲ್ಲ. ಚಿಕ್ಕಪ್ಪನ ಎದುರು ನಾನು ಯಾವತ್ತೂ ಯಾವುದನ್ನೂ ಬೇಡ ಎಂದವನಲ್ಲ.

ಮನೆಗೆ ಬಂದು ಕ್ಯಾಬಿನೆಟ್ಟನ್ನು ನಡುಮನೆಯಲ್ಲಿ ಪೂರ್ವಕ್ಕೆ ಮುಖ ಮಾಡಿ ಇಟ್ಟೆವು. ಚಿಕ್ಕಪ್ಪ ಸುಜಾತಳಿಂದ ತಟ್ಟೆ ತರಿಸಿ, ಗಾಜಿನ ಮೇಲೆ ಅರಿಶಿನದ ಮೂರು ಗೆರೆ ಎಳೆದು, ಕುಂಕುಮ ಇಟ್ಟು, ಹೂವು ಸಿಕ್ಕಿಸಿ, ಕಾಯಿ ಒಡೆದರು. ಕಾಯಿ ನೀರು ಒಂದಿಷ್ಟು ಫ್ಯಾನಿನ ಸಂದಿಗೂ ಹೋಯಿತು. "ಒಳ್ಳೇದೇ ಬುಡು, ತಂಪಾಯ್ತದೆ" ಎಂದರು.

ಸಂಜೆ ಸ್ಪಂದನ ಪರೀಕ್ಷೆ ಮುಗಿಸಿ ಬಂದಳು. ಚಪ್ಪಲಿ ಬಿಡುವಾಗಲೇ ಅವಳಿಗೆ ಗಾಜಿನ ಪೆಟ್ಟಿಗೆ ಕಂಡಿತು. ನೆಲದ ಮೇಲೆ ಕೂತು ಒಂದೊಂದೇ ಡಬ್ಬಿ ತೆರೆದು, ಪಕ್ಕಕ್ಕೆ ಇಡುತ್ತಾ ಹೋದಳು. ಡಬ್ಬಿಗಳು ಮುಗಿದವು.

"ಅಪ್ಪ, ಕಾರ್ಡ್ ಎಲ್ಲಿ?"

ನಾನು ಚಿಕ್ಕಪ್ಪನ ಮುಖ ನೋಡಿದೆ. "ಅದೊಂದು ಮುಂದ್ಲ ಸಲ ಆಕಿಸ್ಕೊಂಡ್ರಾಯ್ತು ಕಣವ್ವ. ಮನೆ ಕಟ್ದಂಗೆ. ಒಂದೇ ಸಲಕ್ಕೆ ಯಾರ್ ಕಟ್ತಾರೆ?" ಎಂದರು ಅವರು.

ಅವಳು ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಕೂಗಾಡಿದ್ದರೆ ಚೆನ್ನಾಗಿತ್ತು, ನಾನೂ ಒಂದೆರಡು ಮಾತು ಕೂಗಿ ಸರಿಮಾಡಿಕೊಳ್ಳಬಹುದಿತ್ತು. ಅವಳು ಕ್ಯಾಬಿನೆಟ್ಟಿನ ಮೇಲಿದ್ದ ಹೂವನ್ನು ಮೆಲ್ಲಗೆ ತೆಗೆದು ತಟ್ಟೆಗೆ ಹಾಕಿ, ನನ್ನ ಕಡೆ ತಿರುಗಿ ಕೇಳಿದಳು:

"ಅಪ್ಪ, ನಾಳೆ ನಂಗೆ ಗಂಡು ನೋಡೋಕೂ ನೀನೂ ತಾತನೂ ಹಿಂಗೇ ಹೋಗ್ತೀರಾ?"

ಚಿಕ್ಕಪ್ಪ ಜೋರಾಗಿ ನಕ್ಕರು. ಅಡುಗೆ ಮನೆಯಲ್ಲಿದ್ದ ಸುಜಾತ ನಗಲಿಲ್ಲ. ಎರಡು ವರ್ಷ ಬೆರಳು ನೋಯಿಸಿಕೊಂಡು ಕೂಡಿಟ್ಟಿದ್ದನ್ನು ಅವಳು ನನ್ನ ಕೈಗೆ ಕೊಟ್ಟಿದ್ದಳು, ಏನು ಬೇಕೆಂದು ಬರೆದೂ ಕೊಟ್ಟಿದ್ದಳು. ನಾನು ಆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಬೇರೆಯವರ ಮಾತು ಕೇಳಿದ್ದೆ. ಸೈಕಲ್ಲಿನಲ್ಲೂ ಅವಳಿಗೆ ಬೇಕಾದ್ದನ್ನು ಬಿಟ್ಟು ನನಗೆ ತೋಚಿದ್ದನ್ನೇ ತಂದಿದ್ದೆ. ಇನ್ನು ಮುಂದೆ ದೊಡ್ಡ ವಿಷಯಗಳು ಬರುತ್ತವಲ್ಲ, ಆಗ ಇವಳು ನನ್ನನ್ನು ನಂಬುತ್ತಾಳೆಯೇ? ನನಗೆ ನಿಜವಾಗಿ ಹೆದರಿಕೆಯಾಯಿತು.

ಸೋಮವಾರ ಸ್ಕೂಲಿಗೆ ರಜೆ ಹಾಕಿ, ಕ್ಯಾಬಿನೆಟ್ಟು ಹೊತ್ತು ಹಾಸನಕ್ಕೆ ಹೋದೆ. ವಾಪಸು ಕೊಟ್ಟು ಆ ದುಡ್ಡಿಗೆ ಕಾರ್ಡು ತರೋಣವೆಂದು. ಯಜಮಾನಿ ಡಬ್ಬಿ ತೆರೆದರು. ನಾನು ಮನೆಯಲ್ಲಿ ಒದ್ದೆ ಬಟ್ಟೆಯಿಂದ ಎಷ್ಟು ಉಜ್ಜಿದ್ದರೂ ಸಂದಿಗಳಲ್ಲಿ ಅರಿಶಿನ ಉಳಿದಿತ್ತು. ಒಂದು ಎಸಳು ಸೇವಂತಿಗೆಯೂ ಇತ್ತು.

"ಪೂಜೆ ಮಾಡ್ಬಿಟ್ಟಿದೀರಾ?"

"ಚಿಕ್ಕಪ್ಪ ಮಾಡಿದ್ರು."

"ಬರೀ ಡಬ್ಬಿ ಒಡ್ದಿದ್ರೆ ತಗೊಂಡ್ಬಿಡ್ತಿದ್ದೆ ಸಾರ್. ಅರಿಶಿನ ಕುಂಕುಮ ಇಟ್ಟು ಕಾಯಿ ಒಡ್ದಿರೋದನ್ನ ವಾಪಸ್ ತಗೊಂಡು ಇನ್ನೊಬ್ರಿಗೆ ಮಾರಿದ್ರೆ ನನ್ ಅಂಗಡಿಗೆ ಒಳ್ಳೇದಾಗುತ್ತಾ, ನೀವೇ ಹೇಳಿ?"

ನಾನೇ ಆ ಗಲ್ಲಾದ ಹಿಂದೆ ಕೂತಿದ್ದರೂ ತೆಗೆದುಕೊಳ್ಳುತ್ತಿರಲಿಲ್ಲ. ನನ್ನ ಮುಖ ನೋಡಿ ಆಕೆಗೆ ಪಾಪ ಅನಿಸಿರಬೇಕು. ಹುಡುಗರು ಬಂದು ಕಂಪ್ಯೂಟರಿನಲ್ಲಿ ಆಟ ಆಡುವ ಅಂಗಡಿಯೊಂದನ್ನು ಚನ್ನರಾಯಪಟ್ಟಣದಲ್ಲಿ ಒಬ್ಬರು ಇಟ್ಟಿದ್ದಾರೆ, ಈಗ ಮುಚ್ಚುತ್ತಿದ್ದಾರೆ, ಅವರ ಹತ್ತಿರ ಹಳೆಯ ಕಾರ್ಡುಗಳಿವೆ, ಅಗ್ಗಕ್ಕೆ ಬರುತ್ತವೆ ಎಂದರು. "ಆದ್ರೆ ಪಟ್ಟಿ ಬರೆದೋರನ್ನೇ ಕಳ್ಸಿ ಸಾರ್" ಎಂದೂ ಸೇರಿಸಿದರು.

ಮನೆಗೆ ಬಂದು, ಕಮ್ಮಿ ಬಿದ್ದಿದ್ದನ್ನು ನಾನು ಹಾಕುತ್ತೇನೆ ಎಂದೆ. ಸ್ಪಂದನ ಒಪ್ಪಲಿಲ್ಲ. "ಬೇಡ ಅಪ್ಪ. ಇದು ನಂದು." ಮತ್ತೆ ಆರು ವಾರ ಕುಚ್ಚು ಕಟ್ಟಿದಳು. ನಾನು ದಾರದ ಉಂಡೆ ಬಿಡಿಸಿಕೊಡಲು ಹೋದೆ. ಎರಡು ಉಂಡೆ ಗಂಟಾದ ಮೇಲೆ ಆ ಕೆಲಸವೂ ಹೋಯಿತು. ಆರು ವಾರ ಅವಳು ನನ್ನ ಜೊತೆ ಮಾತು ಬಿಟ್ಟಿದ್ದಳು ಅಂತಲ್ಲ. ಮಾತಾಡುತ್ತಿದ್ದಳು. ಆದರೆ ಏನನ್ನೂ ಕೇಳುತ್ತಿರಲಿಲ್ಲ. "ಅಪ್ಪ, ಇದು ತಗೊಳ್ಲಾ, ಅದು ತಗೊಳ್ಲಾ" ಎಂಬ ಮಾತು ಮನೆಯಲ್ಲಿ ನಿಂತೇಹೋಯಿತು. ಹಾಗೆ ಕೇಳಿದಾಗಲೆಲ್ಲ ನಾನು ಗೊಣಗುತ್ತಿದ್ದೆ. ಈಗ ಅದು ಇಲ್ಲದೆ ಮನೆ ಬಿಕೋ ಅನ್ನುತ್ತಿತ್ತು.

ಚನ್ನರಾಯಪಟ್ಟಣಕ್ಕೆ ಹೊರಟಾಗ "ನಾನೂ ಬರ್ಲಾ?" ಎಂದು ನಾನೇ ಕೇಳಿದೆ.

"ಬಾ. ಆದ್ರೆ ಮಾತಾಡಬಾರ್ದು."

"ಇಲ್ಲ."

"ಬಡಿದು ನೋಡಬಾರ್ದು."

"ಇಲ್ಲ."

ಅಂಗಡಿಯ ಮಾಲೀಕರು ನನ್ನ ವಯಸ್ಸಿನವರೇ. ಕುರ್ಚಿಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿಟ್ಟಿದ್ದರು. ನಮ್ಮನ್ನು ಕಂಡ ಕೂಡಲೇ ಕಾರ್ಡನ್ನು ತಂದು ನನ್ನ ಕೈಗೆ ಕೊಡಲು ಬಂದರು. "ನೋಡಿ ಸಾ, ಒಸದರಂಗೇ ಅದೆ. ಎಷ್ಟು ಕೊಡ್ತೀರಿ ಏಳಿ" ಎಂದರು.

ನನ್ನ ನಾಲಿಗೆ ತುದಿಯವರೆಗೆ ಒಂದು ಮೊತ್ತ ಬಂದಿತ್ತು. ನುಂಗಿಕೊಂಡೆ. "ನಂಗೆ ಗೊತ್ತಿಲ್ಲ, ಅವಳನ್ನ ಕೇಳಿ" ಎಂದೆ. ಇಷ್ಟು ಸಣ್ಣ ಮಾತು ಬಾಯಿಂದ ಹೊರಬರಲು ಇಷ್ಟು ಕಷ್ಟಪಡುತ್ತದೆಂದು ನನಗೆ ತಿಳಿದಿರಲಿಲ್ಲ. ಮಾಲೀಕರು ನನಗೇನೋ ಕಾಯಿಲೆ ಇರಬೇಕು ಎಂಬಂತೆ ನೋಡಿ, ಕಾರ್ಡನ್ನು ಅವಳಿಗೆ ಕೊಟ್ಟರು.

ನಾನು ಅವಳ ಚೀಲ ಹಿಡಿದುಕೊಂಡು ಮೂಲೆಯ ಸ್ಟೂಲಿನ ಮೇಲೆ ಕುಳಿತೆ. ಅವಳು ಕಾರ್ಡನ್ನು ಬೆಳಕಿಗೆ ಹಿಡಿದು ಎರಡೂ ಬದಿ ನೋಡಿದಳು. ಅಲ್ಲೇ ಒಂದು ಕಂಪ್ಯೂಟರಿಗೆ ಹಾಕಿಸಿ, ಅರ್ಧ ಗಂಟೆ ಆಟ ಓಡಿಸಿ, ಫ್ಯಾನಿನ ಗಾಳಿಗೆ ಅಂಗೈ ಒಡ್ಡಿದಳು, ಸದ್ದಿಗೆ ಕಿವಿ ಕೊಟ್ಟಳು. ಮಾಲೀಕರು ಒಂದು ಬೆಲೆ ಹೇಳಿದರು. ಅವಳು ಅದಕ್ಕಿಂತ ಬಹಳ ಕಡಿಮೆ ಹೇಳಿದಳು. ಅವರು ನೊಂದುಕೊಂಡರು. ಇವಳು "ಆಯ್ತು ಸಾರ್, ಬರ್ತೀನಿ" ಎಂದು ಎದ್ದು ಬಾಗಿಲವರೆಗೆ ನಡೆದೇಬಿಟ್ಟಳು. ಕೊಟ್ಬಿಡೇ ಮಾರಾಯ್ತಿ ಎಂದು ಕೂಗಬೇಕೆನಿಸಿ ಚೀಲದ ಹಿಡಿ ಕಚ್ಚಿಕೊಂಡೆ. "ಬಾರವ್ವ, ಬಾ, ಓದ್ರೆ ಓಯ್ತು" ಎಂದು ಅವರೇ ಕರೆದರು.

ವಾಪಸು ಬರುವ ಬಸ್ಸಿನಲ್ಲಿ ಅವಳು ಕಿಟಕಿ ಪಕ್ಕ ಕೂತು, ಕಾರ್ಡಿನ ಡಬ್ಬಿಯನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಅವುಚಿಕೊಂಡಿದ್ದಳು. "ನಾನು ಹಿಡ್ಕೊಳ್ಲಾ?" ಎಂದೆ. "ಬೇಡ ಅಪ್ಪ" ಎಂದಳು. ರಸ್ತೆ ಗುಂಡಿ ಬಂದಾಗಲೆಲ್ಲ ಡಬ್ಬಿಯನ್ನು ಮೇಲೆತ್ತಿ ಹಿಡಿಯುತ್ತಿದ್ದಳು.

ಅರ್ಧ ದಾರಿಯಲ್ಲಿ ಚಿಕ್ಕಪ್ಪನ ಫೋನು ಬಂತು. ಅವರು ಫೋನಿನಲ್ಲಿ ಮಾತಾಡಿದರೆ ಬಸ್ಸಿಗೆಲ್ಲ ಕೇಳಿಸುತ್ತದೆ.

"ಲೇ ಮಗ, ಒಂದು ಒಳ್ಳೆ ಸಂಬಂಧ ಅದೆ ಕಣ್ಲಾ. ಹುಡ್ಗ ಹಾಸನದಾಗೆ ಕೆಲ್ಸದಾಗವ್ನೆ. ಬರಾ ಭಾನ್ವಾರ ಹೆಣ್ಣು ನೋಡಾಕೆ ಬತ್ತೀವಿ ಅಂತವ್ರೆ. ಬರ್ರಪ್ಪ ಅಂತ ಏಳ್ಬುಡ್ಲಾ?"

ಇಂಥ ಪ್ರಶ್ನೆಗೆ ನಮ್ಮ ಮನೆಯಲ್ಲಿ ಇರುವುದು ಒಂದೇ ಉತ್ತರ. ನಮ್ಮಪ್ಪನೂ ಅದನ್ನೇ ಹೇಳಿದ್ದು, ನನ್ನ ಮಾವನೂ ಅದನ್ನೇ ಹೇಳಿದ್ದು. ಸ್ಪಂದನ ಕಿಟಕಿಯ ಹೊರಗೆ ನೋಡುತ್ತಿದ್ದಳು. ಡಬ್ಬಿಯ ಮೇಲಿನ ಬೆರಳುಗಳು ಮಾತ್ರ ಬಿಗಿಯಾಗಿದ್ದವು.

"ಚಿಕ್ಕಪ್ಪ, ಅದು ಅವಳನ್ನ ಕೇಳ್ಬೇಕು. ಇಲ್ಲೇ ಇದಾಳೆ, ಮಾತಾಡಿ" ಎಂದು ಫೋನನ್ನು ಅವಳ ಕಿವಿಗೆ ಹಿಡಿದೆ.

ಅವಳು ನನ್ನನ್ನು ನೋಡಿದಳು. ಆಮೇಲೆ ಫೋನಿಗೆ ಹೇಳಿದಳು: "ತಾತ, ಭಾನುವಾರ ಆಗಲ್ಲ. ಭಾನುವಾರ ಕಂಪ್ಯೂಟರ್ ಜೋಡಿಸ್ತಿದೀನಿ. ಡಿಗ್ರಿ ಮುಗೀಲಿ, ಆಮೇಲೆ ನಾನೇ ಹೇಳ್ತೀನಿ. ಅಷ್ಟು ಅರ್ಜೆಂಟ್ ಇದ್ರೆ ಹುಡುಗನೊಬ್ಬನ್ನೇ ಕಳ್ಸಿ, ಟಾರ್ಚ್ ಹಿಡ್ಕೊಳೋಕೆ ಒಂದು ಜನ ಬೇಕು."

ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಬಸ್ಸು ನಡುಗುವಂತೆ, "ಏನ್ಲಾ ಇವ್ಳು ಇಂಗಂತಾಳೆ? ನೀನಾರ ಏಳ್ಲಾ!" ಎಂದರು ಚಿಕ್ಕಪ್ಪ.

ನಾನು ಫೋನು ನನ್ನ ಬಾಯಿಯ ಹತ್ತಿರ ತಂದುಕೊಂಡೆ. "ಅವಳು ಹೇಳಿದ್ದು ಕೇಳಿಸ್ತಲ್ಲ ಚಿಕ್ಕಪ್ಪ. ಅಷ್ಟೇ" ಎಂದು ಇಟ್ಟುಬಿಟ್ಟೆ.

ಬಸ್ಸು ಒಂದು ಹಳ್ಳಿ ದಾಟಿತು, ಇನ್ನೊಂದು ದಾಟಿತು. ಆಮೇಲೆ ಅವಳು ಕಾರ್ಡಿನ ಡಬ್ಬಿಯನ್ನು ಎತ್ತಿ ನನ್ನ ತೊಡೆಯ ಮೇಲೆ ಇಟ್ಟು, "ಹಿಡ್ಕೊ ಅಪ್ಪ, ಅಲ್ಲಾಡಿಸ್ಬೇಡ" ಎಂದು ಹೇಳಿ, ಕಿಟಕಿಗೆ ಒರಗಿ ನಿದ್ದೆ ಹೋದಳು.

ಹೊಳೆನರಸೀಪುರ ಬರುವವರೆಗೆ ನಾನು ಕೂತಲ್ಲಿಂದ ಮಿಸುಕಾಡಲಿಲ್ಲ.